ಬೀದರಿನ ಆಕಾಶದಲ್ಲಿ ವೇಗದ ಲೆಕ್ಕ



ನಿಮ್ಮಲ್ಲಿ ಹಲವರ ಕೋಣೆಯ ಗೋಡೆಯ ಮೇಲೆ ಒಂದು ಕಾರಿನ ಚಿತ್ರ ಇದ್ದೀತು. ನೆಲಕ್ಕೆ ಅಂಟಿಕೊಂಡಂತಹ ತಗ್ಗಾದ ಮೈ, ಅಗಲವಾದ ಚಕ್ರಗಳು, ಹಿಂಬದಿಯಲ್ಲಿ ರೆಕ್ಕೆಯಂತಹ ಒಂದು ಹಲಗೆ. ಇದನ್ನು ಸೂಪರ್‌ಕಾರ್ ಎನ್ನುತ್ತಾರೆ. ಅಂತಹ ಕಾರು ಬೀದರಿನ ಚೌಬಾರದ ಮುಂದೆ ಬಂದು ನಿಂತದ್ದನ್ನು ನೀವು ನೋಡಿರಲಾರಿರಿ. ಆದರೆ ಬೀದರಿನಲ್ಲಿ ಓದುವವರಿಗೆ ಇನ್ನೊಂದು ಅನುಭವ ಚೆನ್ನಾಗಿ ಗೊತ್ತು. ಮಾಸ್ತರರು ಪಾಠ ಹೇಳುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಮಾಳಿಗೆಯ ಮೇಲೆ ಗುಡುಗು ಉರುಳಿದಂತೆ ಸದ್ದಾಗುತ್ತದೆ. ಮಾಸ್ತರರು ಮಾತು ನಿಲ್ಲಿಸುತ್ತಾರೆ, ಸದ್ದು ದೂರ ಸರಿದ ಮೇಲೆ ಬಿಟ್ಟ ವಾಕ್ಯವನ್ನು ಮತ್ತೆ ಹಿಡಿಯುತ್ತಾರೆ. ವಾಯುಪಡೆಯ ತರಬೇತಿ ವಿಮಾನಗಳು ಹಾರುವ ಊರಿನಲ್ಲಿ ಇದು ದಿನನಿತ್ಯದ ಮಾತು.

ಗೋಡೆಯ ಮೇಲಿನ ಕಾರಿಗೂ ಮಾಳಿಗೆಯ ಮೇಲಿನ ವಿಮಾನಕ್ಕೂ ಹತ್ತಿರದ ಸಂಬಂಧವಿದೆ. ಎರಡೂ ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಅತಿವೇಗದ ಯಂತ್ರಗಳು. ಎರಡನ್ನೂ ಆಳುವುದು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರುವ ನಿಯಮಗಳೇ. ಹಾಗಾದರೆ ಇಂತಹ ಯಂತ್ರಕ್ಕೆ ಅದರ ವೇಗ ಎಲ್ಲಿಂದ ಬರುತ್ತದೆ? ಆ ವೇಗಕ್ಕೆ ಬೆಲೆ ಏನು? ಅದನ್ನು ಯಾರು ತೆರುತ್ತಾರೆ? ಇಂದು ಈ ಮೂರು ಪ್ರಶ್ನೆಗಳನ್ನು ಹಿಡಿದು ಸ್ವಲ್ಪ ಲೆಕ್ಕ ಹಾಕೋಣ. ಕಷ್ಟದ ಲೆಕ್ಕವಲ್ಲ; ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ನಮ್ಮ ಕಥಾನಾಯಕನ ಪರಿಚಯ. ಅದರ ಹೆಸರು ಕಿರಣ್. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಎಚ್.ಎ.ಎಲ್. ಎಂದು ಕರೆಯುವ ಕಾರ್ಖಾನೆಯಲ್ಲಿ, ಡಾ. ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ವಿನ್ಯಾಸಗೊಂಡ ಜೆಟ್ ತರಬೇತಿ ವಿಮಾನ ಇದು. ಮೊದಲ ಸಲ ಹಾರಿದ್ದು 1964ರ ಸೆಪ್ಟೆಂಬರ್ 4ರಂದು. ಕಲಿಯುವವನು, ಕಲಿಸುವವನು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವ ವ್ಯವಸ್ಥೆ ಇದರದ್ದು. ಆಮೇಲೆ ಹೆಚ್ಚು ಬಲದ ಎಂಜಿನ್ ಕೂಡಿಸಿ, ಕಿರಣ್ ಮಾರ್ಕ್-2 ಎಂಬ ಸುಧಾರಿತ ಮಾದರಿಯನ್ನು ಸಿದ್ಧಪಡಿಸಿದರು. ಅದು 1976ರ ಜುಲೈ 30ರಂದು ಮೊದಲು ಹಾರಿತು. ಹೀಗೆ ತಯಾರಾದ ಮಾರ್ಕ್-2 ವಿಮಾನಗಳು ಒಟ್ಟು 61.

ಅರವತ್ತೊಂದೇ! ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಸೂಪರ್‌ಕಾರುಗಳ ಪೈಕಿ ತುಂಬ ಹೆಸರಾದ ಬ್ರಿಟನ್ನಿನ ಮೆಕ್ಲಾರೆನ್ ಎಫ್-1 ಕಾರು 1992ರಿಂದ 1998ರವರೆಗೆ ತಯಾರಾಯಿತು. ಪಂದ್ಯದ ಕಾರುಗಳೂ ಸೇರಿ ಆದದ್ದು 106. ಅಂದರೆ ಜಗತ್ತಿನ ಶ್ರೀಮಂತರು ಹುಡುಕಿ ಕೊಳ್ಳುವ ಆ ಕಾರಿಗಿಂತಲೂ ವಿರಳವಾದ ಯಂತ್ರ ಬೀದರಿನ ಬಾನಿನಲ್ಲಿ ವರ್ಷಗಟ್ಟಲೆ ಓಡಾಡಿತು. 1996ರಲ್ಲಿ ವಾಯುಪಡೆಯು ಸೂರ್ಯಕಿರಣ ಎಂಬ ವೈಮಾನಿಕ ಪ್ರದರ್ಶನ ತಂಡವನ್ನು ಬೀದರಿನಲ್ಲಿ ಕಟ್ಟಿದಾಗ ಅದಕ್ಕೆ ಕೊಟ್ಟದ್ದು ಇದೇ ಮಾರ್ಕ್-2 ವಿಮಾನವನ್ನು. ಮೊದಲು ಆರು ವಿಮಾನಗಳು ಜೊತೆಯಾಗಿ ಹಾರುತ್ತಿದ್ದವು. 1998ರ ಹೊತ್ತಿಗೆ ಒಂಬತ್ತಾದವು.

ಈಗ ಮೊದಲ ಪ್ರಶ್ನೆ. ಒಂದು ಯಂತ್ರದ ಸಾಮರ್ಥ್ಯ ಎಂದರೆ ಏನು? ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತು ಕೊಳ್ಳಲು ಬಂದ ರೈತನನ್ನು ನೋಡಿ. ಅವನು ಎತ್ತಿನ ಗಾತ್ರ ನೋಡಿ ಮರುಳಾಗುವುದಿಲ್ಲ. ಎದೆ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎಷ್ಟು ಭಾರ ಎಳೆದೀತು, ಎಷ್ಟು ಹೊತ್ತು ಎಳೆದೀತು, ಎಷ್ಟು ಮೇವು ತಿಂದೀತು ಎಂದು ಮನಸ್ಸಿನಲ್ಲೇ ತೂಗುತ್ತಾನೆ. ಎಂಜಿನಿಯರ್ ಮಾಡುವುದೂ ಇದನ್ನೇ. ಗರಿಷ್ಠ ವೇಗ ಎಷ್ಟು ಎಂಬುದು ಅವನ ಪ್ರಶ್ನೆಗಳಲ್ಲಿ ಒಂದು ಮಾತ್ರ. ಅದಕ್ಕಿಂತ ಮುಂಚೆ ಅವನು ಕೇಳುವುದು, ಬಲ ಎಷ್ಟು, ಆ ಬಲ ಹೊರಬೇಕಾದ ತೂಕ ಎಷ್ಟು ಎಂದು.

ಕಿರಣ್ ಮಾರ್ಕ್-2ರ ಎಂಜಿನ್ ಸುಮಾರು 18.7 ಕಿಲೋನ್ಯೂಟನ್ ನೂಕುಬಲ ಕೊಡುತ್ತದೆ. ಮೊದಲ ಮಾದರಿಯ ಎಂಜಿನ್ ಕೊಡುತ್ತಿದ್ದುದು ಸುಮಾರು 11.1 ಕಿಲೋನ್ಯೂಟನ್. ಹಾರಾಟಕ್ಕೆ ಸಿದ್ಧವಾದ ಮಾರ್ಕ್-2ರ ತೂಕ 4,250 ಕಿಲೋಗ್ರಾಂ ಆಸುಪಾಸು. ಗುರುತ್ವದಿಂದ ಗುಣಿಸಿದರೆ ಸುಮಾರು 41.7 ಕಿಲೋನ್ಯೂಟನ್. 18.7ನ್ನು 41.7ರಿಂದ ಭಾಗಿಸಿ. ಉತ್ತರ 0.45. ಅಂದರೆ ತನ್ನ ತೂಕದ ಅರ್ಧಕ್ಕೆ ತುಸು ಕಡಿಮೆ ಬಲದಿಂದ ಅದು ತನ್ನನ್ನು ತಾನೇ ಮುಂದಕ್ಕೆ ನೂಕಿಕೊಳ್ಳುತ್ತದೆ. ಭಾರವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಕೆಲಸ.

ಕಾರಿನಲ್ಲಿ ಇದೇ ಲೆಕ್ಕವನ್ನು ಅಶ್ವಶಕ್ತಿಯಲ್ಲಿ ಹಾಕುತ್ತಾರೆ. ಮೆಕ್ಲಾರೆನ್ ಎಫ್-1 ಕಾರಿನ ಎಂಜಿನ್ನಿನ ಶಕ್ತಿ 627 ಅಶ್ವಶಕ್ತಿ, ಕಾರಿನ ತೂಕ ಸುಮಾರು 1,140 ಕಿಲೋಗ್ರಾಂ. ಒಂದು ಟನ್ನಿಗೆ 550 ಅಶ್ವಶಕ್ತಿ ಬಂತು. ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರಿಗೆ ಇದರ ಸಣ್ಣದೊಂದು ಪಾಲು ಇದ್ದರೆ ದೊಡ್ಡದು. ಅದರ ವಿನ್ಯಾಸಕ ಗೋರ್ಡನ್ ಮರೆ ಬರೀ ದೊಡ್ಡ ಎಂಜಿನ್ ಕೂಡಿಸಿ ಸುಮ್ಮನಾಗಲಿಲ್ಲ. ತೂಕ ಇಳಿಸುವುದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡರು. ವಿಮಾನಗಳಲ್ಲಿ ಬಳಕೆಯಲ್ಲಿದ್ದ ಕಾರ್ಬನ್ ನಾರಿನಿಂದ ಕಾರಿನ ಒಡಲನ್ನು ಮಾಡಿಸಿದರು. ಬಲ ಹೆಚ್ಚಿಸಿದರೆ ನೇರ ಓಟದಲ್ಲಿ ಲಾಭ. ತೂಕ ಇಳಿಸಿದರೆ ಓಡುವಾಗಲೂ ಲಾಭ, ತಿರುಗುವಾಗಲೂ ಲಾಭ, ನಿಲ್ಲಿಸುವಾಗಲೂ ಲಾಭ. ಇದು ವೇಗದ ಮೊದಲ ಪಾಠ.

ಎರಡನೆಯ ಪಾಠ ಗಾಳಿಯದು. ನೀವು ಸೈಕಲ್ ತುಳಿಯುವಾಗ ಎದುರುಗಾಳಿ ಬಂದರೆ ಎಷ್ಟು ಕಷ್ಟ! ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಎರಡರಷ್ಟು ವೇಗದಲ್ಲಿ ಗೆಲ್ಲಬೇಕಾದ್ದರಿಂದ ಬೇಕಾಗುವ ಶಕ್ತಿ ಎಂಟರಷ್ಟು. ಎರಡರ ಘನ ಎಂಟು ಎಂದು ಪುಸ್ತಕದಲ್ಲಿ ಓದಿದ್ದೀರಲ್ಲ, ಅದು ಇಲ್ಲಿ ಪೆಟ್ರೋಲಿನ ಖರ್ಚಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಒಂದು ಉದಾಹರಣೆ. ಬೀದರ್, ಭಾಲ್ಕಿ, ಔರಾದ್ ಈ ಮೂರು ಊರುಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ ಗೆರೆ ಎಳೆಯಿರಿ. ಒಂದು ತ್ರಿಕೋನ ಆಗುತ್ತದೆ. ಹಕ್ಕಿ ಹಾರುವ ನೇರದಲ್ಲಿ ಬೀದರಿನಿಂದ ಭಾಲ್ಕಿಗೆ ಸುಮಾರು 36 ಕಿ.ಮೀ., ಭಾಲ್ಕಿಯಿಂದ ಔರಾದಿಗೆ ಸುಮಾರು 32 ಕಿ.ಮೀ., ಔರಾದಿನಿಂದ ಮರಳಿ ಬೀದರಿಗೆ ಸುಮಾರು 40 ಕಿ.ಮೀ. ಒಟ್ಟು 108 ಕಿ.ಮೀ. ಬಸ್ಸಿನಲ್ಲಿ ಹೊರಟರೆ ಅರ್ಧ ದಿನದ ಮಾತು. ಗಂಟೆಗೆ 540 ಕಿ.ಮೀ. ವೇಗದಲ್ಲಿ, ಅಂದರೆ ನಿಮಿಷಕ್ಕೆ 9 ಕಿ.ಮೀ.ನಂತೆ ಹಾರುವ ಕಿರಣ್, ಮಾಂಜ್ರಾ ನದಿಯನ್ನು ದಾಟಿ ಈ ಸುತ್ತನ್ನು 12 ನಿಮಿಷಗಳಲ್ಲಿ ಮುಗಿಸುತ್ತದೆ.

ಇದೇ ತ್ರಿಕೋನದ ಮೇಲೆ ನೇರವಾದ, ನುಣುಪಾದ ರಸ್ತೆ ಇದೆ ಎಂದು ಭಾವಿಸಿ ಒಂದು ಸೂಪರ್‌ಕಾರನ್ನು ಓಡಿಸೋಣ. ಬುಗಾಟಿ ವೇರಾನ್ ಎಂಬ ಕಾರು 2005ರಲ್ಲಿ ಮಾರುಕಟ್ಟೆಗೆ ಬಂತು. ಹದಿನಾರು ಸಿಲಿಂಡರುಗಳ ಎಂಜಿನ್, ಅದಕ್ಕೆ ಗಾಳಿ ತುಂಬಲು ನಾಲ್ಕು ಟರ್ಬೊಗಳು, ಒಟ್ಟು 1,001 ಅಶ್ವಶಕ್ತಿ. ಗಂಟೆಗೆ 400 ಕಿ.ಮೀ. ಮೀರಿ ಓಡಬಲ್ಲ ಈ ಕಾರು ಎಲ್ಲ ಮಾದರಿಗಳೂ ಸೇರಿ ತಯಾರಾದದ್ದು 450. ಪೂರ್ಣ ವೇಗದಲ್ಲಿ ಓಡಿಸಿದರೆ ಅದರ 100 ಲೀಟರ್ ಟ್ಯಾಂಕು ಬರಿದಾಗಲು ಸುಮಾರು 12 ನಿಮಿಷ ಸಾಕು. ಗಂಟೆಗೆ 400 ಕಿ.ಮೀ. ಎಂದರೂ 12 ನಿಮಿಷದಲ್ಲಿ 80 ಕಿ.ಮೀ. ಹಾಗಾದರೆ ಏನಾಯಿತು? ಬೀದರಿನಿಂದ ಹೊರಟ ಕಾರು ಭಾಲ್ಕಿ ದಾಟಿತು, ಔರಾದ್ ದಾಟಿತು. ಅಲ್ಲಿಂದ ಬೀದರಿನ ಕಡೆಗೆ ಹನ್ನೆರಡು ಕಿ.ಮೀ. ಬರುವಷ್ಟರಲ್ಲಿ ಹೊಲದ ಬದುವಿನ ಪಕ್ಕ ನಿಂತುಬಿಟ್ಟಿತು! ಅದೇ ಕಾರು ನಿಧಾನವಾಗಿ ಓಡಿದ್ದರೆ ಸುತ್ತು ಮುಗಿಸಿ ಇನ್ನೂ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸುತ್ತಿತ್ತು. ವಿಮಾನವೂ ಇಂಧನವನ್ನು ಧಾರಾಳವಾಗಿಯೇ ಕುಡಿಯುತ್ತದೆ. ಆದರೆ ಅದರ ತೊಟ್ಟಿ ದೊಡ್ಡದು. ಮೇಲಕ್ಕೇರಿದಷ್ಟೂ ಗಾಳಿ ತೆಳುವಾಗುವುದರಿಂದ ತಡೆಯೂ ಕಡಿಮೆ.

ಇಲ್ಲೊಂದು ಸೋಜಿಗದ ಸಂಗತಿ ಇದೆ. ಕಿರಣ್ ಮಾರ್ಕ್-2ರ ನೂಕುಬಲ ಮೊದಲ ಮಾದರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗಿದ್ದರೂ ಎರಡರ ಗರಿಷ್ಠ ವೇಗವೂ ಗಂಟೆಗೆ 700 ಕಿ.ಮೀ. ಒಳಗೇ ಉಳಿಯಿತು. ಏಕೆ? ನೇರವಾದ ರೆಕ್ಕೆ, ಇಬ್ಬರು ಅಕ್ಕಪಕ್ಕ ಕೂರುವ ಅಗಲವಾದ ಮೂತಿ. ಆ ವೇಗದಲ್ಲಿ ಗಾಳಿ ಇನ್ನು ಸಾಕು ಎನ್ನುತ್ತದೆ. ಹಾಗಾದರೆ ಹೆಚ್ಚಿನ ಬಲ ವ್ಯರ್ಥವೇ? ಇಲ್ಲ. ಅದು ಮೇಲೇರುವುದಕ್ಕೆ, ರೆಕ್ಕೆಯಡಿ ಹೆಚ್ಚು ಭಾರ ಹೊರುವುದಕ್ಕೆ, ಬಿಗಿಯಾಗಿ ತಿರುಗುವಾಗ ಕಳೆದುಹೋದ ವೇಗವನ್ನು ಬೇಗ ಮರಳಿ ಗಳಿಸುವುದಕ್ಕೆ ಒದಗಿತು. ಪ್ರದರ್ಶನ ತಂಡಕ್ಕೆ ಬೇಕಾದದ್ದು ಇದೇ ಗುಣ.

ಇದಕ್ಕೆ ತಿರುಗುಮುರುಗಾದ ಕಥೆಯೂ ಬೆಂಗಳೂರಿನಲ್ಲೇ ನಡೆಯಿತು. ಜರ್ಮನಿಯ ವಿನ್ಯಾಸಕ ಕುರ್ಟ್ ಟಾಂಕ್ ಅವರ ಮಾರ್ಗದರ್ಶನದಲ್ಲಿ ಎಚ್.ಎ.ಎಲ್. ಕಟ್ಟಿದ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಶಬ್ದದ ವೇಗವನ್ನು ಬಹುವಾಗಿ ಮೀರಲೆಂದು ರೂಪಿಸಿದ ಸಪೂರ ಒಡಲು ಅದರದ್ದು. ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಆರ್ಫಿಯಸ್ ಎಂಬ ಕುಟುಂಬದ ಎರಡು ಎಂಜಿನ್ನುಗಳಲ್ಲೇ ಅದು ತೃಪ್ತಿಪಡಬೇಕಾಯಿತು. 147 ಮಾರುತ್‌ಗಳು ತಯಾರಾಗಿ ದೇಶಸೇವೆ ಮಾಡಿದವು, ಆದರೆ ಒಡಲಿನ ಆಸೆ ಈಡೇರಲಿಲ್ಲ. ಕಿರಣ್ ಮಾರ್ಕ್-2ಕ್ಕೆ ಕೂಡಿಸಿದ್ದೂ ಅದೇ ಆರ್ಫಿಯಸ್ ಕುಟುಂಬದ ಒಂದು ಎಂಜಿನ್. ಒಂದು ಕಡೆ ಬಲ ಸಾಲದು, ಇನ್ನೊಂದು ಕಡೆ ಬಲ ಸಮೃದ್ಧ. ಯಂತ್ರ ಎಂದರೆ ಜೋಡಿ ಎತ್ತಿನ ಬಂಡಿ ಇದ್ದ ಹಾಗೆ. ಒಂದು ಎತ್ತು ಎಷ್ಟೇ ಚುರುಕಾಗಿದ್ದರೂ ಜೊತೆಯ ಎತ್ತು ಸರಿಸಮ ಹೆಜ್ಜೆ ಹಾಕದಿದ್ದರೆ ಬಂಡಿ ನೇರ ಹೋಗದು.

ಈ ಎಂಜಿನ್ ಕೆಲಸ ಮಾಡುವ ಬಗೆ ಹೇಗೆ? ಮುಂದಿನ ಬಾಯಿಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದರ ಹಿಂದೆ ಒಂದರಂತೆ ಏಳು ಸಾಲು ತಿರುಗುವ ಅಲಗುಗಳು ಆ ಗಾಳಿಯನ್ನು ಅದುಮುತ್ತವೆ. ಅದುಮಿದ ಗಾಳಿಗೆ ಸೀಮೆಎಣ್ಣೆಯ ಜಾತಿಯ ಇಂಧನ ಸಿಂಪಡಿಸಿ ಉರಿಸುತ್ತಾರೆ. ಉರಿದ ಅನಿಲ ಹಿಂದಕ್ಕೆ ನುಗ್ಗುವಾಗ ಟರ್ಬೈನ್ ಎಂಬ ಒಂದು ಗಾಲಿಯನ್ನು ತಿರುಗಿಸುತ್ತದೆ. ಆ ಗಾಲಿಯ ಅಚ್ಚೇ ಮುಂದಿನ ಏಳು ಸಾಲುಗಳನ್ನು ತಿರುಗಿಸುವುದು. ಉಳಿದ ಅನಿಲ ಹಿಂಬದಿಯಿಂದ ಹೊರಚಿಮ್ಮುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಎಂದು ನೀವು ಬಾಯಿಪಾಠ ಮಾಡಿದ್ದು ಇದನ್ನೇ.

ಎಲ್ಲಕ್ಕಿಂತ ಕಷ್ಟದ ಕೆಲಸ ಆ ಟರ್ಬೈನಿನ ಅಲಗುಗಳದ್ದು. ಬೆಂಕಿಯ ನಡುವೆ ನಿಂತು, ಅತಿವೇಗದಲ್ಲಿ ತಿರುಗುತ್ತ, ಆಕಾರ ಕೆಡದೆ ಇರಬೇಕು. ಸಾಮಾನ್ಯ ಉಕ್ಕು ಅಲ್ಲಿ ಮೆತ್ತಗಾಗಿಬಿಡುತ್ತದೆ. ಅದಕ್ಕಾಗಿ ನಿಕ್ಕಲ್ ಪ್ರಧಾನವಾದ ಮಿಶ್ರಲೋಹ ಬೇಕು. ಮಿಶ್ರಲೋಹದ ಮಹಿಮೆಯನ್ನು ಬೀದರಿನವರಿಗೆ ಹೇಳಿಕೊಡಬೇಕೆ? ನಮ್ಮ ಬಿದರಿ ಕುಶಲಕರ್ಮಿಗಳು ಬಹುಪಾಲು ಸತುವಿಗೆ ತುಸುವೇ ತಾಮ್ರ ಬೆರೆಸುತ್ತಾರೆ. ಆ ಬೆರಕೆ ಇದ್ದರೇನೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಯಾವ ಲೋಹಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ಯಾವ ಗುಣ ಬರುತ್ತದೆ ಎಂಬ ವಿದ್ಯೆಯೇ ಅಲ್ಲಿಯೂ, ಇಲ್ಲಿಯೂ. ಕಾರಿನವರಿಗೂ ಶಾಖದ ಕಾಟ ತಪ್ಪಿದ್ದಲ್ಲ. ಮೆಕ್ಲಾರೆನ್ ಎಫ್-1ರಲ್ಲಿ ಎಂಜಿನ್ ಇರುವ ಗೂಡಿನ ಒಳಮೈಗೆ ಚಿನ್ನದ ತೆಳುಹಾಳೆ ಹೊದಿಸಿದ್ದರು. ಅದು ಒಡ್ಡೋಲಗಕ್ಕಲ್ಲ. ಶಾಖದ ಕಿರಣಗಳನ್ನು ಚಿನ್ನ ಚೆನ್ನಾಗಿ ಹಿಂದಕ್ಕೆ ತಿರುಗಿಸುತ್ತದೆ, ಅದಕ್ಕಾಗಿ.

ಶಾಖದ ಮಾತು ಬಂದಾಗ ನಮ್ಮ ಬೇಸಿಗೆಯನ್ನು ಮರೆಯುವಂತಿಲ್ಲ. ಬೀದರ್ ಸಮುದ್ರಮಟ್ಟಕ್ಕಿಂತ ಸುಮಾರು 670 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಎತ್ತರ ಮತ್ತು ಬಿಸಿ ಎರಡೂ ಸೇರಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗೆ ಹೋಲಿಸಿದರೆ ಇಲ್ಲಿಯ ಗಾಳಿಯ ಸಾಂದ್ರತೆಯನ್ನು ನೂರಕ್ಕೆ 15ರಷ್ಟು ಇಳಿಸುತ್ತವೆ. ಎಂಜಿನ್ನಿಗೆ ಸಿಗುವ ಗಾಳಿ ಕಡಿಮೆ, ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ. ಆದ್ದರಿಂದ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕು. ತಯಾರಕರ ಪುಸ್ತಕದಲ್ಲಿ ಅಚ್ಚಾದ ಅಂಕಿಗಳು ಬೇರೆ, ಬೀದರಿನ ಮೇ ತಿಂಗಳ ಮಧ್ಯಾಹ್ನದ ಅಂಕಿಗಳು ಬೇರೆ. ಜಾಣ ಚಾಲಕ ಎರಡನೆಯದನ್ನು ನಂಬುತ್ತಾನೆ.

ಇನ್ನು ತಿರುವು. ನೇರ ಓಡುವುದು ಸುಲಭ, ತಿರುಗುವುದು ಕಷ್ಟ. ಕಿರಣ್ ಗಂಟೆಗೆ 540 ಕಿ.ಮೀ. ವೇಗದಲ್ಲಿದೆ. ಅಂದರೆ ಸೆಕೆಂಡಿಗೆ 150 ಮೀಟರ್. ಚಾಲಕ ರೆಕ್ಕೆಯನ್ನು ಓರೆ ಮಾಡಿ, ತನ್ನ ಮೇಲೆ ಗುರುತ್ವದ ನಾಲ್ಕರಷ್ಟು ಒತ್ತಡ ಬೀಳುವಂತೆ ತಿರುಗಿಸಿದನೆನ್ನಿ. ಆಗಲೂ ಅವನ ವೃತ್ತದ ತ್ರಿಜ್ಯ ಸುಮಾರು 600 ಮೀಟರ್. ಆ ಹೊತ್ತಿನಲ್ಲಿ 60 ಕಿಲೋ ತೂಗುವ ಮನುಷ್ಯನಿಗೆ ತಾನು 240 ಕಿಲೋ ಆದಂತೆ ಅನಿಸುತ್ತದೆ. ಕೈ ಎತ್ತುವುದೂ ಪ್ರಯಾಸ. ರಕ್ತ ತಲೆಯಿಂದ ಕಾಲಿನತ್ತ ಇಳಿಯತೊಡಗುತ್ತದೆ, ಕಣ್ಣು ಮಬ್ಬಾಗಬಹುದು. ಹೊಟ್ಟೆ, ಕಾಲುಗಳ ಸ್ನಾಯುಗಳನ್ನು ಬಿಗಿಹಿಡಿದು ರಕ್ತವನ್ನು ಮೇಲೆ ತಡೆದಿಡುವುದನ್ನು ಅವನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ಯಂತ್ರದ ಮಿತಿ ಬರುವ ಮೊದಲೇ ಮನುಷ್ಯನ ಮಿತಿ ಬರುವುದುಂಟು.

ಸೂರ್ಯಕಿರಣ ತಂಡದ ವಿಮಾನಗಳು ಒಂದರ ಪಕ್ಕದಲ್ಲಿ ಒಂದು ಕೆಲವೇ ಮೀಟರ್ ಅಂತರದಲ್ಲಿ ಹಾರುತ್ತವೆ. ಐದು ಮೀಟರ್ ಎಂದುಕೊಳ್ಳಿ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಐದು ಮೀಟರ್ ದೂರ ಸಾಗಲು ಒಂದು ಸೆಕೆಂಡಿನ ಮೂವತ್ತನೆಯ ಒಂದು ಪಾಲು ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಕಡಿಮೆಯೆಂದರೂ ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಅಷ್ಟರಲ್ಲಿ ವಿಮಾನ 30 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾದರೆ ಅವರು ಹೇಗೆ ಹಾರುತ್ತಾರೆ? ಎಲ್ಲರೂ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಇರುವುದರಿಂದ ಪರಸ್ಪರ ಅಂತರ ನಿಧಾನವಾಗಿಯೇ ಬದಲಾಗುತ್ತದೆ. ಮುಂದಾಳು ತಾನು ಮಾಡಲಿರುವುದನ್ನು ಮೊದಲೇ ಕೂಗಿ ಹೇಳುತ್ತಾನೆ. ಉಳಿದವರು ಅವನ ವಿಮಾನದ ಗುರುತುಗಳ ಮೇಲೆ ಕಣ್ಣು ನೆಟ್ಟು, ಕೂದಲೆಳೆಯಷ್ಟು ತಿದ್ದುಪಡಿಗಳನ್ನು ಬಿಡುವಿಲ್ಲದೆ ಮಾಡುತ್ತಿರುತ್ತಾರೆ. ನೋಡುವವರಿಗೆ ಧೈರ್ಯವಾಗಿ ಕಾಣುವುದು ನಿಜದಲ್ಲಿ ಶಿಸ್ತು.

ಇಷ್ಟೆಲ್ಲ ಶಿಸ್ತು ಇದ್ದೂ ಬೆಲೆ ತೆರಬೇಕಾಯಿತು. 2006ರ ಮಾರ್ಚ್‌ನಲ್ಲಿ ಬೀದರಿನ ಬಳಿ ತಂಡದ ವಿಮಾನ ಬಿದ್ದು ಇಬ್ಬರು ಚಾಲಕರು ತೀರಿಕೊಂಡರು. 2009ರ ಜನವರಿಯಲ್ಲಿ ಮತ್ತೆ ಬೀದರಿನ ಬಳಿಯೇ ಇನ್ನೊಬ್ಬರು. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ತಾಲೀಮಿನ ವೇಳೆ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಚಾಲಕರು ಪ್ರಾಣ ತೆತ್ತರು. ದೇಶದಲ್ಲೇ ಆಯ್ದ ಚಾಲಕರು ಇವರು. ಯಂತ್ರಗಳನ್ನು ಪ್ರತಿ ಹಾರಾಟದ ಮುಂಚೆ ಪರೀಕ್ಷಿಸಲಾಗುತ್ತದೆ. ಆದರೂ ವೇಗವು ತಪ್ಪಿಗೆ ಕೊಡುವ ಸಮಯ ಅಷ್ಟು ಕಡಿಮೆ ಎಂಬುದನ್ನು ಮರೆಯಬಾರದು.

ಕಡಿಮೆ ಸಂಖ್ಯೆಯಲ್ಲಿ ತಯಾರಿಸುವುದಕ್ಕೂ ಒಂದು ಬೆಲೆ ಇದೆ. ಒಂದು ಭಾಗವನ್ನು ಮಾಡಲು 6,100 ರೂಪಾಯಿಯ ಅಚ್ಚು ಬೇಕು ಎಂದುಕೊಳ್ಳಿ. 61 ಯಂತ್ರ ಮಾಡಿದರೆ ಒಂದೊಂದರ ತಲೆಯ ಮೇಲೆ 100 ರೂಪಾಯಿ. ಆರು ಲಕ್ಷ ಹತ್ತು ಸಾವಿರ ಮಾಡಿದರೆ ಒಂದೇ ಪೈಸೆ. ಸೂಪರ್‌ಕಾರಿನ ಬೆಲೆ ಕೋಟಿಗಳಲ್ಲಿ ಇರುವುದಕ್ಕೆ ಒಂದು ಕಾರಣ ಇಲ್ಲಿದೆ. ಇನ್ನೊಂದು ಕಷ್ಟವೆಂದರೆ, ಒಂದು ವಿಮಾನ ಕಳೆದುಹೋದರೆ ಅದರ ಜಾಗಕ್ಕೆ ಇನ್ನೊಂದನ್ನು ತರಲು ಅಂಗಡಿ ಇಲ್ಲ. ತಯಾರಿ ನಿಂತು ಎಷ್ಟೋ ವರ್ಷಗಳಾಗಿರುತ್ತವೆ. 2011ರಲ್ಲಿ ಆದದ್ದು ಹೀಗೆಯೇ. ವಾಯುಪಡೆಯಲ್ಲಿ ತರಬೇತಿ ವಿಮಾನಗಳ ಕೊರತೆ ಬಂತು. ಹೊಸ ಚಾಲಕರಿಗೆ ಕಲಿಸಲು ಕಿರಣ್‌ಗಳು ಬೇಕಾದವು. ಸೂರ್ಯಕಿರಣ ತಂಡದ ಪ್ರದರ್ಶನಗಳು ನಿಂತವು. ಪ್ರದರ್ಶನಕ್ಕಿಂತ ಪಾಠ ದೊಡ್ಡದು ಎಂದಂತಾಯಿತು.

ಅಷ್ಟರಲ್ಲಿ ಬೀದರಿಗೆ ಹಾಕ್ ಎಂಬ ಹೊಸ ತರಬೇತಿ ವಿಮಾನ ಬಂದಿತ್ತು. 2004ರ ಒಪ್ಪಂದದಂತೆ 66 ಹಾಕ್‌ಗಳಲ್ಲಿ 24 ಬ್ರಿಟನ್ನಿನಿಂದ ಬರಬೇಕು, 42ನ್ನು ಎಚ್.ಎ.ಎಲ್. ತಯಾರಿಸಬೇಕು ಎಂದು ಗೊತ್ತಾಗಿತ್ತು. 2008ರ ಫೆಬ್ರವರಿಯಲ್ಲಿ ಅದು ಬೀದರಿನಲ್ಲಿ ಸೇವೆಗೆ ಸೇರಿತು. ಇದರಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಆದ್ದರಿಂದ ಮೂತಿ ಕಿರಿದು, ಗಾಳಿಯ ತಡೆ ಕಡಿಮೆ. ರೆಕ್ಕೆ ಹಿಂದಕ್ಕೆ ಬಾಗಿದೆ. ಗಂಟೆಗೆ 1,000 ಕಿ.ಮೀ. ವೇಗವನ್ನು ಇದು ಮುಟ್ಟಬಲ್ಲದು. 2015ರಲ್ಲಿ ಸೂರ್ಯಕಿರಣ ತಂಡ ಇದೇ ಹಾಕ್ ವಿಮಾನಗಳೊಡನೆ ಮತ್ತೆ ಹಾರಲು ತೊಡಗಿತು.

ಇಷ್ಟು ಹೊತ್ತು ಆಕಾಶದ ಮಾತಾಯಿತು. ಈಗ ನಿಮ್ಮ ರಸ್ತೆಗೆ ಇಳಿಯೋಣ. ಏಕೆಂದರೆ ಈ ಲೆಕ್ಕದಲ್ಲಿ ನಿಮ್ಮ ಪಾಲೂ ಇದೆ.

ನಿಮ್ಮಲ್ಲಿ ಕೆಲವರು ಅಣ್ಣನ ಮೋಟಾರ್‌ಸೈಕಲ್ ಹತ್ತಿ ಭಾಲ್ಕಿ ರಸ್ತೆಯಲ್ಲೋ ಔರಾದ್ ರಸ್ತೆಯಲ್ಲೋ ಮುಳ್ಳು ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿದವರಿರಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದೀರಿ. ಎದುರಿಗೆ ಏನೋ ಕಂಡಿತು. ಕಂಡದ್ದು ಏನೆಂದು ತಿಳಿದು ಬ್ರೇಕ್ ಅದುಮಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ 11 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 9 ಮೀಟರ್. ಒಟ್ಟು 20. ವೇಗ 80 ಆದರೆ? ಮೊದಲ ಭಾಗ 22 ಮೀಟರ್, ಎರಡನೆಯದು 9ರ ನಾಲ್ಕರಷ್ಟು, ಅಂದರೆ 36. ಒಟ್ಟು 58 ಮೀಟರ್. ವೇಗ ಎರಡು ಪಟ್ಟು, ನಿಲ್ಲುವ ದೂರ ಸುಮಾರು ಮೂರು ಪಟ್ಟು. ತಿರುವಿನಲ್ಲೂ ಹೀಗೆಯೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಂಚಿಗೆ ಬಾರದೆ ತಿರುಗಲು 35 ಮೀಟರ್ ತ್ರಿಜ್ಯದ ತಿರುವು ಸಾಕಾದರೆ, 120ಕ್ಕೆ 140 ಮೀಟರ್ ಬೇಕು. ರಸ್ತೆ ನಿಮಗಾಗಿ ಬೇರೆ ತಿರುವು ಮಾಡಿಕೊಡುವುದಿಲ್ಲ.

ಇದು ಒಣ, ಶುದ್ಧ ರಸ್ತೆಯ ಲೆಕ್ಕ. ನಮ್ಮ ರಸ್ತೆಗಳನ್ನು ನೀವು ಬಲ್ಲಿರಿ. ಸುಗ್ಗಿಯಲ್ಲಿ ತೊಗರಿ, ಸೋಯಾ ರಾಶಿ ರಸ್ತೆಯ ಮೇಲೆ ಹರಡಿರುತ್ತದೆ. ಕಾಳಿನ ಮೇಲೆ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ರಾತ್ರಿ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದಿಲ್ಲ. ನಿಮ್ಮ ದೀಪದ ಬೆಳಕಿಗೆ ಅದು 40 ಮೀಟರಿನಲ್ಲಿ ಕಂಡಿತು ಎನ್ನಿ. 40ರ ವೇಗದಲ್ಲಿದ್ದವನು ನಿಲ್ಲಿಸಿ ಸರಿದು ಹೋಗುತ್ತಾನೆ. 80ರ ವೇಗದಲ್ಲಿದ್ದವನಿಗೆ 18 ಮೀಟರ್ ಸಾಲದೆ ಬರುತ್ತದೆ. ಆ 18 ಮೀಟರನ್ನು ಯಾವ ಧೈರ್ಯವೂ ತುಂಬಿಕೊಡಲಾರದು. ಜೆಟ್ ಚಾಲಕನಿಗೆ ಕೊನೆಯ ಕ್ಷಣದಲ್ಲಿ ಹೊರಗೆ ಚಿಮ್ಮಿಸುವ ಆಸನ ಉಂಟು, ಪ್ಯಾರಾಚೂಟ್ ಉಂಟು. ನಿಮಗೆ ಇರುವುದು ತಲೆಯ ಮೇಲಿನ ಹೆಲ್ಮೆಟ್ ಒಂದೇ. ಅದೂ ಮನೆಯ ಗೂಟಕ್ಕೆ ತೂಗಿಹಾಕಿದ್ದರೆ ಅದಿಲ್ಲ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ ನೋಡಿ. ಶಾಲೆಯ ಮೈದಾನದಲ್ಲಿ, ರಸ್ತೆಯಲ್ಲಿ ಅಲ್ಲ, ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಗೆಳೆಯನೊಬ್ಬ ಗೆರೆಯ ಮುಂಚಿನ 20 ಮೀಟರನ್ನು ನೀವು ಸೈಕಲ್ ಮೇಲೆ ಎಷ್ಟು ಸೆಕೆಂಡಿನಲ್ಲಿ ದಾಟುತ್ತೀರಿ ಎಂದು ಗಡಿಯಾರ ಹಿಡಿದು ಬರೆದುಕೊಳ್ಳಲಿ. ಗೆರೆ ಮುಟ್ಟಿದ ಕೂಡಲೇ ಹಿಂದಿನ ಬ್ರೇಕನ್ನು ಒಂದೇ ಸಮನೆ ಹಿಡಿಯಿರಿ. ಎಲ್ಲಿ ನಿಂತಿತೋ ಅಳೆಯಿರಿ. ಮೊದಲು 8 ಸೆಕೆಂಡಿನ ನಿಧಾನದಲ್ಲಿ, ಆಮೇಲೆ 4 ಸೆಕೆಂಡಿನ ವೇಗದಲ್ಲಿ. ಹತ್ತು ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡರ ವರ್ಗ ನಾಲ್ಕು ಎಂಬುದು ಮೈದಾನದ ಮಣ್ಣಿನ ಮೇಲೆ ಬರೆದಂತೆ ಕಾಣುತ್ತದೆ. ಎಂಜಿನಿಯರ್ ಆಗುವ ದಾರಿಯ ಮೊದಲ ಹೆಜ್ಜೆ ಇದೇ: ಬೆರಗುಪಡು, ಆಮೇಲೆ ಅಳೆ.

ಬೀದರಿನಲ್ಲಿ ಗುರುನಾನಕ ದೇವ್ ಎಂಜಿನಿಯರಿಂಗ್ ಕಾಲೇಜು ಇದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯ ಇದೆ. ಔರಾದಿನ ಹಳ್ಳಿಯ ಹುಡುಗ ಹುಡುಗಿಯರಿಗೂ ಅವು ಬಹು ದೂರವಲ್ಲ. ಕಿರಣ್ ವಿಮಾನವನ್ನು ರೂಪಿಸಿದವರು ಆಕಾಶದಿಂದ ಇಳಿದುಬಂದವರಲ್ಲ. ನಿಮ್ಮ ಹಾಗೆಯೇ ಬೆಂಚಿನ ಮೇಲೆ ಕುಳಿತು ಇದೇ ಸೂತ್ರಗಳನ್ನು ಕಲಿತವರು. ನಾಳೆ ಇಂತಹ ಯಂತ್ರವನ್ನು ರೂಪಿಸುವವರು ನೀವಾಗಬಹುದು. ಆದರೆ ಅದಕ್ಕೆ ನೀವು ನಾಳೆಯವರೆಗೆ ಕ್ಷೇಮವಾಗಿ ಮನೆ ಸೇರುತ್ತಿರಬೇಕು.

ಮುಂದಿನ ಸಲ ಮಾಳಿಗೆಯ ಮೇಲೆ ಆ ಸದ್ದು ಉರುಳಿದಾಗ, ಮಾಸ್ತರರು ಮಾತು ನಿಲ್ಲಿಸಿದ ಆ ಅರ್ಧ ನಿಮಿಷದಲ್ಲಿ, ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿ: ಬಲ ಎಷ್ಟು, ತೂಕ ಎಷ್ಟು, ಗಾಳಿ ಎಷ್ಟು ತಡೆಯುತ್ತದೆ, ನಿಲ್ಲಲು ಎಷ್ಟು ಜಾಗ ಬೇಕು. ಸಂಜೆ ಗಾಡಿಯ ಕೀಲಿ ಕೈಗೆ ಬಂದಾಗಲೂ ಅದೇ ಲೆಕ್ಕ ನೆನಪಾಗಲಿ.